ಅಂತೇವಾಸಿಧರ್ಮ: ಕಲ್ಯಾಣದ ಮಿತಾಕ್ಷರೆಯಿಂದ ಆಡುಗೋಡಿಯ ಕಾರ್ಖಾನೆಯವರೆಗೆ

೧

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಹೊಸೂರು ರಸ್ತೆಗೆ ಪಶ್ಚಿಮವಾಗಿ, ಸುದ್ದಗುಂಟೆಪಾಳ್ಯವೆಂಬ ಸ್ಥಳವಿರುವುದು. ತೆಲುಗಿನಲ್ಲಿ ‘ಸುದ್ದ’ ಎಂದರೆ ಬಿಳಿಯ ಮಣ್ಣು, ಸೀಮೆಸುಣ್ಣ. ‘ಗುಂಟ’ ಎಂದರೆ ಕುಳಿ, ಹೊಂಡ. ಕನ್ನಡ ತೆಲುಗುಗಳೆರಡೂ ಬೆರೆತು ನಡೆಯುವ ಈ ಸೀಮೆಯಲ್ಲಿ, ಬಿಳಿಮಣ್ಣಿನ ಕುಳಿಯ ಬಳಿಯ ಪಾಳ್ಯವೆಂಬ ವ್ಯುತ್ಪತ್ತಿಯೇ ಪದಗಳಿಗೆ ಸಹಜವಾಗಿ ಹೊಂದುವುದೆಂದು ತೋರುತ್ತದೆ. ಈಗ ಅಲ್ಲಿ ಕುಳಿಯೂ ಇಲ್ಲ, ಬಯಲೂ ಇಲ್ಲ. ಮಗ್ಗುಲಲ್ಲಿ ೧೯೬೯ರಲ್ಲಿ ಸ್ಥಾಪಿತವಾಗಿ ೨೦೦೮ರಲ್ಲಿ ವಿಶ್ವವಿದ್ಯಾಲಯದ ಅಂತಸ್ತನ್ನು ಪಡೆದ ಕ್ರೈಸ್ಟ್ ಕಾಲೇಜು. ಉತ್ತರಕ್ಕೆ ಆಡುಗೋಡಿಯ ಹಳೆಯ ಕಾರ್ಖಾನೆಯ ಆವರಣ. ಅದೇ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಎಲೆಕ್ಟ್ರಾನಿಕ್ಸ್ ಸಿಟಿ. ಆದಕಾರಣ ಓದು ಮುಗಿಸಿ ಕೆಲಸ ಕಲಿಯಲು ಹೊರಟ ಹುಡುಗರೂ ಹುಡುಗಿಯರೂ ಈ ಪಾಳ್ಯದ ಬಾಡಿಗೆಯ ಕೋಣೆಗಳಲ್ಲಿ ತುಂಬಿರುವರು.

ಅಂಥವನೊಬ್ಬ ತರುಣನು ಕೆಲವು ವರ್ಷಗಳ ಹಿಂದೆ ಈ ಲೇಖಕನ ನೆರೆಮನೆಯ ಮಾಳಿಗೆಯಲ್ಲಿ ವಾಸವಾಗಿದ್ದನು. ಒಂದು ಉದ್ಯಮದಲ್ಲಿ ಅಪ್ರೆಂಟಿಸ್ ಆಗಿ ಕರಾರಿಗೆ ರುಜು ಹಾಕಿದ್ದನು. ಯಂತ್ರದ ಕೆಲಸವನ್ನು ಕಲಿಸುವೆವೆಂದು ಕರಾರಿನಲ್ಲಿತ್ತು; ಅವನಿಗೆ ದೊರೆತದ್ದು ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಎಣಿಸುವ, ಕಾಗದಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕೆಲಸ. ಒಂದು ಸಂಜೆ ನಾವು ವ್ಯವಹಾರಾಧ್ಯಾಯದ ಪಾಠಕ್ಕೆ ಕುಳಿತಿದ್ದಾಗ ಅವನು ಬಂದು, “ಗುರುಗಳೇ, ಕಲಿಸುತ್ತೇನೆಂದು ಕರೆದುಕೊಂಡು ಬೇರೆ ಕೆಲಸ ಮಾಡಿಸುವವರಿಗೆ ನಿಮ್ಮ ಶಾಸ್ತ್ರದಲ್ಲಿ ಏನಾದರೂ ಹೇಳಿದೆಯೇ?” ಎಂದು ಕೇಳಿದನು. ಪ್ರಶ್ನೆಯು ಪರಿಹಾಸದ್ದಾಗಿದ್ದಿರಬಹುದು. ಆದರೆ ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರುವುದು. ಆ ಉತ್ತರದ ಒಂದು ಮುಖ್ಯಭಾಗವು ಕನ್ನಡನಾಡಿನಲ್ಲಿಯೇ ರಚಿತವಾದ ಗ್ರಂಥದಲ್ಲಿರುವುದು. ಅದನ್ನು ವಿದ್ವಾಂಸರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿ ಎರಡು ಮಾತುಗಳು ಬಹುಕಾಲದಿಂದ ರೂಢವಾಗಿವೆ. ಪ್ರಾಚೀನ ಭಾರತದಲ್ಲಿ ಗುರುಕುಲವೆಂದರೆ ವೇದಶಾಸ್ತ್ರಗಳ ಗುರುಕುಲವೇ ಎಂಬುದೊಂದು. ಉದ್ಯೋಗದಾತನು ತರುಣನನ್ನು ಕರಾರಿನ ಮೇಲೆ ತೆಗೆದುಕೊಂಡು ಕೆಲಸ ಕಲಿಸುವ ಪದ್ಧತಿಯು ಪಾಶ್ಚಾತ್ಯರ ಕಾರ್ಖಾನೆಗಳೊಡನೆ ಬಂದಿತೆಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೆಂದು ಮುಂದೆ ಹೇಳುವ ಪ್ರಮಾಣಗಳಿಂದ ತಿಳಿಯಬರುವುದು.

೨

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬–೧೧೨೬) ಕಾಲದಲ್ಲಿ, ಅವನ ರಾಜಧಾನಿಯಾದ ಕಲ್ಯಾಣದಲ್ಲಿ ಹುಟ್ಟಿತು. ಗ್ರಂಥಾಂತ್ಯದ ಶ್ಲೋಕಗಳಲ್ಲಿ ಆ ನಗರವನ್ನೂ ಆ ರಾಜನನ್ನೂ ಗ್ರಂಥಕರ್ತನೇ ಹೊಗಳಿರುವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ಗ್ರಂಥದ ಕೀರ್ತಿಯು ಲೋಕಪ್ರಸಿದ್ಧವಾದರೂ ಅದು ಒಂದೇ ಪ್ರಕರಣದ ಕೀರ್ತಿಯಾಗಿ ಉಳಿಯಿತು. ೧೮೧೦ರಲ್ಲಿ ಕೋಲ್‌ಬ್ರೂಕನು ದಾಯವಿಭಾಗದ ಪ್ರಕರಣವನ್ನು ಮಾತ್ರ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದನು. ಅಲ್ಲಿಂದೀಚೆಗೆ ನ್ಯಾಯಾಲಯಗಳಲ್ಲಿ ಮಿತಾಕ್ಷರೆಯೆಂದರೆ ಆಸ್ತಿಯ ಪಾಲಿನ ಶಾಸ್ತ್ರವೆಂದೇ ಅರ್ಥವಾಯಿತು. ದುಡಿಮೆ, ಕೂಲಿ, ಕಲಿಕೆ, ಸಂಘ, ಕರಾರು ಇವುಗಳನ್ನು ಕುರಿತ ಪ್ರಕರಣಗಳು ಪಾಠಶಾಲೆಗಳ ಹಲಗೆಯ ಮೇಲೆಯೇ ಉಳಿದವು.

ವ್ಯವಹಾರಪದಗಳಲ್ಲಿ ‘ಅಭ್ಯುಪೇತ್ಯಾಶುಶ್ರೂಷಾ’ ಎಂಬುದೊಂದು. ಸೇವೆಯನ್ನು ಮಾಡುವೆನೆಂದು ಒಪ್ಪಿಕೊಂಡು ಮಾಡದಿರುವುದೆಂದು ಇದರ ಅರ್ಥ. ಈ ಪ್ರಸಂಗದಲ್ಲಿ ನಾರದನು ಶುಶ್ರೂಷಕರನ್ನು ಐದು ಬಗೆಯಾಗಿ ವಿಂಗಡಿಸಿರುವನು: ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ. ವಿಜ್ಞಾನೇಶ್ವರನು ಇವುಗಳಿಗೆ ಸಂಕ್ಷೇಪವಾಗಿ ಲಕ್ಷಣಗಳನ್ನು ಹೇಳುವನು. ವೇದವಿದ್ಯೆಯನ್ನು ಬಯಸಿ ಬಂದವನು ಶಿಷ್ಯ. ಶಿಲ್ಪವನ್ನು ಕಲಿಯಲು ಬಂದವನು ಅಂತೇವಾಸಿ. ಬೆಲೆಯನ್ನು ಪಡೆದು ಕೆಲಸ ಮಾಡುವವನು ಭೃತಕ. ಕೆಲಸಗಾರರ ಮೇಲ್ವಿಚಾರಕನು ಅಧಿಕರ್ಮಕೃತ್. ಈ ನಾಲ್ವರೂ ‘ಕರ್ಮಕರ’ರು, ಅವರು ಮಾಡತಕ್ಕದ್ದು ಶುಭಕರ್ಮ. ಬಾಗಿಲು ಬೀದಿಗಳನ್ನು ಗುಡಿಸುವುದೇ ಮೊದಲಾದ ಅಶುಭಕರ್ಮಗಳು ದಾಸರಿಗೆ ವಿಧಿಸಲ್ಪಟ್ಟವು.

ಈ ವಿಭಾಗವು ಮೇಲ್ನೋಟಕ್ಕೆ ಪರಿಭಾಷೆಯ ವಿಷಯವೆಂದು ತೋರಿದರೂ ಅದರೊಳಗೆ ಒಂದು ವಿಚಾರವಿರುವುದು. ಅಂತೇವಾಸಿಯು ಶಿಷ್ಯನಲ್ಲ, ಭೃತಕನೂ ಅಲ್ಲ; ಇಬ್ಬರ ನಡುವೆ ನಿಂತವನು. ಶಿಷ್ಯನಂತೆ ಅವನು ಗುರುವಿನ ಮನೆಯಲ್ಲಿರುವನು, ಗುರುವಿನ ಅನ್ನವನ್ನು ಉಣ್ಣುವನು. ಭೃತಕನಂತೆ ಅವನ ಕೈಕೆಲಸದಿಂದ ಗುರುವಿಗೆ ಲಾಭವುಂಟಾಗುವುದು. ಇಂಥವನಿಗೆ ಬೇರೆ ಹೆಸರು ಬೇಕು, ಬೇರೆ ಧರ್ಮವೂ ಬೇಕೆಂದು ಸ್ಮೃತಿಕಾರರು ಕಂಡುಕೊಂಡರು. ಇಂದಿನ ಕಾನೂನು ಎದುರಿಸುತ್ತಿರುವ ತೊಡಕೂ ಇದೇ ಎಂಬುದನ್ನು ಮುಂದೆ ನೋಡುವೆವು.

೩

ಅಂತೇವಾಸಿಯನ್ನು ಕುರಿತ ಯಾಜ್ಞವಲ್ಕ್ಯನ ವಿಧಿಯು ಒಂದೇ ಶ್ಲೋಕದ್ದು. ಶಿಲ್ಪವನ್ನು ಕಲಿತು ಮುಗಿಸಿದರೂ ಒಪ್ಪಿದ ಕಾಲ ಮುಗಿಯುವವರೆಗೆ ಗುರುಗೃಹದಲ್ಲಿ ವಾಸಿಸಬೇಕು. ಗುರುವಿನಿಂದ ಊಟವನ್ನು ಪಡೆಯಬೇಕು. ತನ್ನ ದುಡಿಮೆಯ ಫಲವನ್ನು ಅವನಿಗೆ ಒಪ್ಪಿಸಬೇಕು. ಇದಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಯು ಗಮನಾರ್ಹವಾದುದು. ಆಯುರ್ವೇದವೇ ಮೊದಲಾದ ಶಿಲ್ಪವನ್ನು ಕಲಿಯುವುದಕ್ಕಾಗಿ ನಾಲ್ಕು ವರ್ಷ ನಿನ್ನ ಮನೆಯಲ್ಲಿರುವೆನೆಂದು ಒಪ್ಪಿಕೊಂಡವನು, ನಾಲ್ಕು ವರ್ಷಗಳಿಗೆ ಮೊದಲೇ ವಿದ್ಯೆಯು ಕೈಗೂಡಿದರೂ, ಆ ಅವಧಿಯನ್ನು ಪೂರೈಸಬೇಕೆಂದು ಅವನು ವ್ಯಾಖ್ಯಾನಿಸುವನು.

ಇದರಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು: ‘ಶಿಲ್ಪ’ವೆಂದರೆ ಕಲ್ಲು ಮರಗಳ ಕೆತ್ತನೆ ಮಾತ್ರವಲ್ಲ, ವೈದ್ಯವೂ ಶಿಲ್ಪವೇ. ಅರಿವು ಮತ್ತು ಕೈಚಳಕ ಎರಡೂ ಸೇರಿ ಜೀವನೋಪಾಯವಾಗುವ ವಿದ್ಯೆಯೆಲ್ಲವೂ ಈ ಹೆಸರಿಗೆ ಅರ್ಹವಾದುದು. ಎರಡನೆಯದು: ಸಂಬಂಧವು ಕಾಲನಿಯಮವುಳ್ಳ ಒಪ್ಪಂದದಿಂದ ಹುಟ್ಟುವುದು, ಉದಾಹರಣೆಗೆ ಹಿಡಿದ ಕಾಲವು ನಾಲ್ಕು ವರ್ಷ. ಮೂರನೆಯದು: ಕಲಿಕೆ ಮುಗಿದ ಮೇಲೂ ಉಳಿಯುವ ಕಾಲವೇ ಗುರುವಿಗೆ ಸಲ್ಲುವ ಶುಲ್ಕ. ಬಡವನ ಮಗನು ಹಣವನ್ನು ಕೊಟ್ಟು ಕಲಿಯಲಾರನು. ಕಲಿತ ಕೈಯ ದುಡಿಮೆಯನ್ನು ಕೆಲಕಾಲ ಕೊಟ್ಟು ಋಣವನ್ನು ತೀರಿಸುವನು.

ನಾರದನ ವಚನಗಳು ಇನ್ನೂ ವಿಶದವಾಗಿವೆ. ತನ್ನ ಶಿಲ್ಪವನ್ನು ಕಲಿಯಬಯಸುವವನು ಬಂಧುಗಳ ಅನುಮತಿಯನ್ನು ಪಡೆದು, ಕಾಲವನ್ನು ನಿಶ್ಚಯಿಸಿಕೊಂಡು, ಆಚಾರ್ಯನ ಬಳಿ ವಾಸಿಸಬೇಕು. ಆಚಾರ್ಯನು ತನ್ನ ಮನೆಯಲ್ಲಿ ಊಟವಿಟ್ಟು ಅವನಿಗೆ ಕಲಿಸಬೇಕು, ಬೇರೆ ಕೆಲಸವನ್ನು ಮಾಡಿಸಕೂಡದು, ಮಗನಂತೆ ನಡೆಸಿಕೊಳ್ಳಬೇಕು. ದೋಷವಿಲ್ಲದೆ ಕಲಿಸುತ್ತಿರುವ ಆಚಾರ್ಯನನ್ನು ಬಿಟ್ಟು ಹೋದವನನ್ನು ಬಲಾತ್ಕಾರದಿಂದ ಹಿಂದಕ್ಕೆ ತಂದು ಇರಿಸಬೇಕು. ಅವನು ವಧಬಂಧಗಳಿಗೆ ಅರ್ಹನು. ಇಲ್ಲಿಯ ವಧವೆಂದರೆ ತಾಡನವೇ ಹೊರತು ಪ್ರಾಣಹರಣವಲ್ಲ, ಏಕೆಂದರೆ ಅಪರಾಧವು ಅಲ್ಪವಾದುದೆಂದು ಮಿತಾಕ್ಷರೆಯು ಬಿಡಿಸಿ ಹೇಳುವುದು. ಕಾಲ ಮುಗಿದ ಮೇಲೆ ವಿದ್ಯೆಯನ್ನು ಪಡೆದ ಅಂತೇವಾಸಿಯು ಆಚಾರ್ಯನಿಗೆ ಪ್ರದಕ್ಷಿಣೆ ಮಾಡಿ, ಶಕ್ತ್ಯನುಸಾರ ಮನ್ನಿಸಿ, ಹಿಂದಿರುಗಬೇಕು.

ಇನ್ನು ನಮ್ಮ ತರುಣನ ಪ್ರಶ್ನೆ. ‘ದೋಷವಿಲ್ಲದ’ ಎಂಬ ವಿಶೇಷಣದಲ್ಲಿಯೇ ಅದರ ಉತ್ತರವು ಅಡಗಿದೆ. ಬಿಟ್ಟುಹೋಗುವುದು ಅಪರಾಧವಾಗುವುದು ಗುರುವು ದೋಷರಹಿತನಾಗಿದ್ದಾಗ ಮಾತ್ರ. ನಿಬಂಧಗ್ರಂಥಗಳಲ್ಲಿ ಉದ್ಧೃತವಾಗಿರುವ ಕಾತ್ಯಾಯನವಚನವು ಇದನ್ನು ಬಾಯಿಬಿಟ್ಟು ಹೇಳುವುದು. ಶಿಲ್ಪವನ್ನು ಕಲಿಸದೆ ಅನ್ಯಕರ್ಮಗಳನ್ನು ಮಾಡಿಸುವ ಗುರುವು ಪೂರ್ವಸಾಹಸವೆಂಬ ದಂಡಕ್ಕೆ ಗುರಿಯಾಗುವನು. ಶಿಷ್ಯನು ಅವನಿಂದ ಬಿಡುಗಡೆ ಹೊಂದುವನು. ಪೂರ್ವಸಾಹಸವೆಂದರೆ ಮನುವಿನ ಲೆಕ್ಕದಲ್ಲಿ ೨೫೦ ಪಣ, ಯಾಜ್ಞವಲ್ಕ್ಯನ ಲೆಕ್ಕದಲ್ಲಿ ೨೭೦ ಪಣ. ಮೂರು ಸಾಹಸದಂಡಗಳಲ್ಲಿ ಇದು ಕನಿಷ್ಠವಾದುದೇ ಆದರೂ, ದಂಡವು ಗುರುವಿಗೆ ಬೀಳುವುದೆಂಬುದು ಮುಖ್ಯ. ಕಾತ್ಯಾಯನಸ್ಮೃತಿಯು ಸಮಗ್ರವಾಗಿ ಉಳಿದುಬಂದಿಲ್ಲ. ಚದರಿದ್ದ ಅವನ ವ್ಯವಹಾರವಚನಗಳನ್ನು ಮಹಾಮಹೋಪಾಧ್ಯಾಯ ಕಾಣೆಯವರು ಒಟ್ಟುಗೂಡಿಸಿ ೧೯೩೩ರಲ್ಲಿ ಪ್ರಕಟಿಸಿದುದರಿಂದ ಇಂಥ ವಚನಗಳು ಒಂದೆಡೆಯಲ್ಲಿ ದೊರೆಯುವಂತಾದವು.

ಕಲಿಯುವವನಿಗೆ ಮುಂದೆ ದೊರೆಯಬೇಕಾದ ಸ್ಥಾನದ ವಿಷಯವಾಗಿಯೂ ಸ್ಮೃತಿಗಳು ಮೌನವಾಗಿಲ್ಲ. ಸಂಭೂಯಕಾರಿಗಳ, ಎಂದರೆ ಒಟ್ಟುಗೂಡಿ ಕೆಲಸ ಮಾಡುವವರ, ಪ್ರಸಂಗದಲ್ಲಿ ಶಿಲ್ಪಿಗಳನ್ನು ಶಿಕ್ಷಕ, ಅಭಿಜ್ಞ, ಕುಶಲ, ಆಚಾರ್ಯ ಎಂದು ನಾಲ್ಕು ಮೆಟ್ಟಿಲುಗಳಾಗಿ ಎಣಿಸಿ, ಅವರಿಗೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಭಾಗಗಳನ್ನು ವಿಧಿಸಿದೆ. ಇಲ್ಲಿ ‘ಶಿಕ್ಷಕ’ನೆಂದರೆ ಕಲಿಸುವವನಲ್ಲ, ಕಲಿಯುವವನು. ಕಲಿಯುವವನಿಗೂ ಒಂದು ಭಾಗವುಂಟೆಂಬುದೂ, ಆಚಾರ್ಯನಿಗೆ ಅದರ ನಾಲ್ಕರಷ್ಟೇ ಹೊರತು ನಲವತ್ತರಷ್ಟಲ್ಲವೆಂಬುದೂ ಅರ್ಥಶಾಸ್ತ್ರವನ್ನು ಓದುವವರು ಗಮನಿಸತಕ್ಕ ವಿಷಯ.

೪

ಸ್ಮೃತಿಯು ವಿಧಿಸಿದುದೆಲ್ಲವೂ ಲೋಕದಲ್ಲಿ ನಡೆಯಿತೆಂದು ಹೇಳಲಾಗದು. ಆದುದರಿಂದ ಶಾಸನಗಳ ಸಾಕ್ಷ್ಯವನ್ನೂ ನೋಡಬೇಕು. ವೇದಶಾಸ್ತ್ರಗಳ ವಿದ್ಯಾರ್ಥಿಗಳ ವಿಷಯದಲ್ಲಿ ಕನ್ನಡನಾಡಿನ ಶಾಸನಗಳು ಉದಾರವಾಗಿವೆ. ವಿಜಾಪುರ ಜಿಲ್ಲೆಯ ಸಾಲೋಟಗಿಯ ಕ್ರಿ.ಶ. ೯೪೫ರ ಶಾಸನವು ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ನಡೆದ ಶಾಲೆಗೆ ಬಿಟ್ಟ ದತ್ತಿಗಳನ್ನು ಹೇಳುವುದು. ನಾಗಾವಿಯ ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನದ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಗ್ರಂಥಗಳನ್ನು ಕಾಯುವ ಸರಸ್ವತೀಭಂಡಾರಿಗಳನ್ನೂ ಎಣಿಸಿ ಹೇಳುವುದು. ಶಿಲ್ಪವಿದ್ಯಾರ್ಥಿಗೆ ಇಂಥ ದತ್ತಿಯ ಶಾಸನವು ವಿರಳ. ಅವನ ಜಾಡನ್ನು ಕಲ್ಲಿನ ಮೇಲಿನ ಸಹಿಗಳಲ್ಲಿ ಹುಡುಕಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಗಾಗಿ ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದು ಶಾಸನದಿಂದ ತಿಳಿದ ವಿಷಯ. ಬೇಲೂರಿನ ಮದನಿಕೆಯ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಬೇರೆ ಬೇರೆ ಸಹಿಗಳನ್ನು ಹಾಕಿರುವರು. ಮಗನು ತಂದೆಯ ನೆರಳಿನಲ್ಲಿ ಹೆಸರಿಲ್ಲದೆ ಉಳಿದಿಲ್ಲ. ಕಲಿಕೆ ಮುಗಿದುದಕ್ಕೆ ಇಂದಿನವರು ಕೊಡುವ ಕಾಗದದ ಪ್ರಮಾಣಪತ್ರಕ್ಕಿಂತ, ಮೂರ್ತಿಯ ಪೀಠದ ಮೇಲೆ ಸ್ವನಾಮವನ್ನು ಕೊರೆಯುವ ಅಧಿಕಾರವು ಗಟ್ಟಿಯಾದ ಪ್ರಮಾಣವೆನ್ನಬಹುದು. ಮಲ್ಲಿತಮ್ಮನೆಂಬ ಶಿಲ್ಪಿಯ ಸಹಿಯು ೧೧೯೬ರ ಅಮೃತಾಪುರದಿಂದ ೧೨೬೮ರ ಸೋಮನಾಥಪುರದವರೆಗೆ ಕಾಣಸಿಗುವುದು. ಅಷ್ಟು ದೀರ್ಘಕಾಲ ಒಂದು ಹೆಸರು ನಡೆದುಬಂದಿರುವುದರ ಹಿಂದೆ ಆ ಹೆಸರಿನ ಕೈಕೆಳಗೆ ಕಲಿತವರ ಪರಂಪರೆಯನ್ನು ಊಹಿಸದೆ ನಿರ್ವಾಹವಿಲ್ಲ.

ಆದರೆ ಇದೇ ಸಾಕ್ಷ್ಯವು ನಮ್ಮ ಪದ್ಧತಿಯ ಕೊರತೆಯನ್ನೂ ಹೊರಗೆಡಹುವುದು. ದಾಸೋಜನಿಂದ ಕಲಿತವನು ದಾಸೋಜನ ಮಗನು. ನಾರದನು ಹೇಳುವುದು ‘ಸ್ವಶಿಲ್ಪ’ವನ್ನು, ಎಂದರೆ ತನ್ನ ಕುಲಕ್ಕೆ ಬಂದ ಶಿಲ್ಪವನ್ನು. ಕುಂಬಾರನ ಮಗನು ಕಮ್ಮಾರನ ಅಂತೇವಾಸಿಯಾಗುವುದು ಆ ವ್ಯವಸ್ಥೆಯ ಎಣಿಕೆಯಲ್ಲಿರಲಿಲ್ಲ. ಮಗಳು ಯಾರ ಅಂತೇವಾಸಿಯೂ ಆಗುವಂತಿರಲಿಲ್ಲ. ಓಡಿಹೋದವನಿಗೆ ಏಟೂ ಕಟ್ಟೂ ವಿಧಿಸಲ್ಪಟ್ಟಿದ್ದವು. ಶಾಸ್ತ್ರವನ್ನು ಓದಿ ಬೆಳೆದ ನಾವು ಇದನ್ನು ಮರೆಮಾಚಿ ಮಾತನಾಡಿದರೆ ಶಾಸ್ತ್ರಕ್ಕೆ ಗೌರವವನ್ನು ತಂದಂತಾಗದು. ‘ಮಗನಂತೆ ನಡೆಸಿಕೊಳ್ಳಬೇಕು’ ಎಂಬ ವಿಧಿಯು ಎಷ್ಟು ಉದಾತ್ತವೋ, ಮಗನಂಥವನಿಗೆ ಮಾತ್ರ ಬಾಗಿಲು ತೆರೆದುದು ಅಷ್ಟೇ ಸಂಕುಚಿತ.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರ ಆಡಳಿತವು ಈ ವಿಷಯದಲ್ಲಿ ಮೊದಲ ಕಾನೂನನ್ನು ಮಾಡಿತು. ೧೮೫೦ರ ಹತ್ತೊಂಬತ್ತನೆಯ ಅಧಿನಿಯಮವೇ ಅದು. ಅನಾಥರೂ ಬಡವರೂ ಆದ ಮಕ್ಕಳು ವಯಸ್ಸಿಗೆ ಬಂದಾಗ ತಮ್ಮ ಹೊಟ್ಟೆಯನ್ನು ಹೊರೆದುಕೊಳ್ಳುವಂತೆ ಕಸುಬುಗಳನ್ನು ಕಲಿಸುವುದು ಅದರ ಗುರಿ. ಹತ್ತು ವರ್ಷಕ್ಕೆ ಮೇಲ್ಪಟ್ಟು ಹದಿನೆಂಟಕ್ಕೆ ಒಳಪಟ್ಟ ಬಾಲಕನನ್ನು ತಂದೆಯಾಗಲಿ ಪೋಷಕನಾಗಲಿ ಏಳು ವರ್ಷಕ್ಕೆ ಮೀರದ ಅವಧಿಗೆ ಒಪ್ಪಿಸಬಹುದಾಗಿತ್ತು. ಇಪ್ಪತ್ತೊಂದು ತುಂಬಿದ ಮೇಲೆ ಆ ಕಟ್ಟು ಇರಕೂಡದು. ಇಲ್ಲಿ ಕುಲದ ಮಾತಿಲ್ಲ. ಹುಡುಗಿಯರನ್ನೂ ಬಿಟ್ಟಿಲ್ಲ, ಅವರಿಗೆ ವಿವಾಹವೇ ಮಿತಿ. ಬಾಗಿಲು ಅಗಲವಾಯಿತು, ಆದರೆ ಬಾಗಿಲಿಗೆ ದಾನಧರ್ಮದ ಹಲಗೆಯು ಬಿದ್ದಿತು. ಕಸುಬನ್ನು ಕಲಿಯುವುದೆಂದರೆ ಗತಿಯಿಲ್ಲದವರ ಪಾಡೆಂಬ ಭಾವನೆಯು ಓದುಬರಹ ಬಲ್ಲ ಮನೆತನಗಳಲ್ಲಿ ಬಲಿಯಿತು.

ಬೆಂಗಳೂರಿನಲ್ಲಿ ಈ ಭಾವನೆಯನ್ನು ಕದಲಿಸಿದ ಪ್ರಯತ್ನಗಳಲ್ಲಿ ಒಂದು ಸುದ್ದಗುಂಟೆಪಾಳ್ಯಕ್ಕೆ ಬಹಳ ದೂರವಲ್ಲದ ಬಸವನಗುಡಿಯ ಬಳಿ ನಡೆಯಿತು. ೧೮೯೬ರ ಸುಮಾರಿಗೆ ಜಮಶೇಟಜಿ ಟಾಟಾ ಅವರು ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ರೇಷ್ಮೆಯ ತೋಟವೊಂದನ್ನು ಏರ್ಪಡಿಸಿ, ಜಪಾನಿನಿಂದ ಬಲ್ಲವರನ್ನು ಕರೆಸಿ, ಹುಳು ಸಾಕುವ, ನೂಲು ಬಿಚ್ಚುವ ಹೊಸ ಕ್ರಮವನ್ನು ಇಲ್ಲಿಯವರಿಗೆ ತೋರಿಸಿಕೊಡುವಂತೆ ಮಾಡಿದರು. ತೋಟವು ಹೋಯಿತು, ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಬಡಾವಣೆಗೆ ಉಳಿಯಿತು. ಅನಂತರ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ೧೯೪೩ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, ೧೯೫೦ರಿಂದ ದೇಶದಾದ್ಯಂತ ಹರಡಿದ ಕೈಗಾರಿಕಾ ತರಬೇತಿ ಸಂಸ್ಥೆಗಳು ಇವುಗಳಿಂದ ಶಿಲ್ಪಶಿಕ್ಷಣವು ಶಾಲೆಯ ರೂಪವನ್ನು ತಾಳಿತು. ಶಾಲೆಯಲ್ಲಿ ಎಲ್ಲರಿಗೂ ಎಡೆಯುಂಟು. ಆದರೆ ಕಲಿಸುವವನೇ ಕೆಲಸ ಕೊಡುವವನಾಗಿರುವ ಹಳೆಯ ಬಂಧವು ಶಾಲೆಯಲ್ಲಿಲ್ಲ. ಆ ಬಂಧವು ಮರಳಿ ಕಾಣಿಸಿಕೊಂಡುದು ೧೯೪೦ರಿಂದೀಚೆಗೆ ಈ ನಗರದಲ್ಲಿ ಸಾಲುಗಟ್ಟಿ ಹುಟ್ಟಿದ ದೊಡ್ಡ ಕಾರ್ಖಾನೆಗಳಲ್ಲಿ.

ಅವುಗಳಲ್ಲಿ ಆಡುಗೋಡಿಯದು ನಮ್ಮ ಪ್ರಕೃತಕ್ಕೆ ಹತ್ತಿರವಾದುದು. ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ೧೯೫೧ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಸಂಬಂಧದಿಂದ ಸ್ಥಾಪಿತವಾಯಿತು. ಜನರು ಅದನ್ನು ‘ಮೈಕೋ’ ಎಂದೇ ಕರೆದರು, ಬಿ.ಟಿ.ಎಂ. ಬಡಾವಣೆಯ ಮಗ್ಗುಲಿಗೆ ಮೈಕೋ ಬಡಾವಣೆಯೆಂಬ ಹೆಸರೂ ಅದರಿಂದಲೇ ಬಂದಿತು. ೧೯೬೦ರ ದಶಕದ ಆದಿಯಲ್ಲಿ ಅಲ್ಲಿ ತರಬೇತಿಯ ಕೇಂದ್ರವೊಂದು ಏರ್ಪಟ್ಟು, ಶಾಲೆಯಿಂದ ಹೊರಬಿದ್ದ ಹುಡುಗರಿಗೆ ಅರದಿಂದ ಲೋಹವನ್ನು ಉಜ್ಜುವುದರಿಂದ ಮೊದಲುಗೊಂಡು ಯಂತ್ರದ ಕೆಲಸವನ್ನು ಕಲಿಸತೊಡಗಿತು.

ಈ ಕೇಂದ್ರದ ಮೂಲವನ್ನು ಹುಡುಕುತ್ತ ಹೋದರೆ ಸ್ವಾರಸ್ಯವಾದ ಸಂಗತಿಯೊಂದು ದೊರೆಯುವುದು. ಸಂಸ್ಥಾಪಕನಾದ ರಾಬರ್ಟ್ ಬಾಷನು (೧೮೬೧–೧೯೪೨) ೧೮೭೬ರಿಂದ ೧೮೭೯ರವರೆಗೆ ಉಲ್ಮ್ ಎಂಬ ಊರಿನಲ್ಲಿ ಯಂತ್ರಶಿಲ್ಪಿಯೊಬ್ಬನ ಬಳಿ ಕಲಿಯಲು ನಿಂತಿದ್ದನು. ಅಲ್ಲಿ ತನಗೆ ಸರಿಯಾದ ಶಿಕ್ಷಣವು ದೊರೆಯಲಿಲ್ಲವೆಂಬ ಕೊರಗನ್ನು ಅವನು ತನ್ನ ನೆನಪುಗಳಲ್ಲಿ ಹೇಳಿಕೊಂಡಿರುವನು. ೧೮೮೬ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ತನ್ನ ಕಾರ್ಯಾಗಾರವನ್ನು ತೆರೆದನು. ೧೯೧೩ರಲ್ಲಿ ಕಲಿಯುವವರಿಗಾಗಿಯೇ ಪ್ರತ್ಯೇಕವಾದ ಕಮ್ಮಟವನ್ನು ಏರ್ಪಡಿಸಿದನು. ಉತ್ಪಾದನೆಯ ಅವಸರದಲ್ಲಿ ಕಲಿಯುವವನು ಅನ್ಯಕರ್ಮಗಳ ಪಾಲಾಗಬಾರದೆಂದರೆ ಅವನನ್ನು ಬೇರೆ ಕೋಣೆಯಲ್ಲಿ, ಕಲಿಸುವುದೇ ಕೆಲಸವಾದ ಶಿಕ್ಷಕನ ಬಳಿ ಇರಿಸಬೇಕು. ಇಂಥ ಕಮ್ಮಟದ ಯುಕ್ತಿಯೇ ಅದು. ಕಾತ್ಯಾಯನನು ದಂಡದಿಂದ ತಡೆಯಹೊರಟ ದೋಷವನ್ನು ಈತನು ಗೋಡೆಯಿಂದ ತಡೆದನು. ಇಬ್ಬರ ನಡುವೆ ದೇಶವೂ ಕಾಲವೂ ಬಹಳವಿದ್ದರೂ ಕಂಡ ರೋಗವು ಒಂದೇ.

೬

೧೯೬೧ರ ಐವತ್ತೆರಡನೆಯ ಅಧಿನಿಯಮವಾದ ಅಪ್ರೆಂಟಿಸ್ ಕಾಯಿದೆಯು ೧೮೫೦ರ ಕಾನೂನನ್ನು ರದ್ದುಪಡಿಸಿ ೧೯೬೨ರ ಮಾರ್ಚಿ ೧ರಿಂದ ಜಾರಿಗೆ ಬಂದಿತು. ಮೊದಲು ಕಸುಬಿನವರಿಗಿದ್ದುದು ೧೯೭೩ರ ತಿದ್ದುಪಡಿಯಿಂದ ಪದವೀಧರ, ಡಿಪ್ಲೊಮಾಧರರಿಗೂ, ೧೯೮೬ರ ತಿದ್ದುಪಡಿಯಿಂದ ವೃತ್ತಿಶಿಕ್ಷಣದವರಿಗೂ ವಿಸ್ತರಿಸಿತು. ಕಲಿಯುವವರನ್ನು ತೆಗೆದುಕೊಳ್ಳುವುದು ಉದ್ಯೋಗದಾತನ ಇಚ್ಛೆಯಾಗಿ ಉಳಿಯದೆ ಕರ್ತವ್ಯವಾಯಿತು. ೨೦೧೯ರ ನಿಯಮಗಳ ತಿದ್ದುಪಡಿಯಲ್ಲಿ ಮೂವತ್ತು ಅಥವಾ ಹೆಚ್ಚು ಜನರುಳ್ಳ ಸಂಸ್ಥೆಗಳಿಗೆ ಅದು ಕಡ್ಡಾಯವಾಗಿ, ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಎಂದು ಪ್ರಮಾಣವು ನಿಗದಿಯಾಯಿತು.

ಈ ಕಾಯಿದೆಯನ್ನು ಸ್ಮೃತಿಯ ಪಕ್ಕದಲ್ಲಿಟ್ಟು ಓದಿದರೆ ಹೋಲಿಕೆಗಳು ಒಂದೊಂದಾಗಿ ಎದ್ದು ಕಾಣುವುವು. ಬಂಧುಗಳ ಅನುಮತಿಯ ಸ್ಥಾನದಲ್ಲಿ, ಅಪ್ರಾಪ್ತವಯಸ್ಕನ ಪರವಾಗಿ ಪೋಷಕನ ರುಜು. ನಿಶ್ಚಿತವಾದ ಕಾಲದ ಸ್ಥಾನದಲ್ಲಿ ನೋಂದಾಯಿತವಾದ ಕರಾರಿನ ಅವಧಿ. ಗುರುಗೃಹದ ಊಟದ ಸ್ಥಾನದಲ್ಲಿ ಹದಿಮೂರನೆಯ ಪ್ರಕರಣದ ವಿದ್ಯಾರ್ಥಿವೇತನ. ನಡುವೆ ಕರಾರು ಮುರಿದರೆ ಏಳನೆಯ ಪ್ರಕರಣದಂತೆ, ತಪ್ಪು ಉದ್ಯೋಗದಾತನದಾದರೆ ಅವನು ಪರಿಹಾರವನ್ನು ಕೊಡಬೇಕು. ತಪ್ಪು ಕಲಿಯುವವನದಾದರೆ ಅವನ ಕಡೆಯವರು ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕು. ಏಟೂ ಕಟ್ಟೂ ಹೋಗಿ ಹಣದ ಲೆಕ್ಕವು ಬಂದಿದೆ. ಇದು ನಿಸ್ಸಂದೇಹವಾಗಿ ಸುಧಾರಣೆ. ತರಬೇತಿಗೆ ಸಂಬಂಧಿಸದ ಕೆಲಸವನ್ನು ಮಾಡಿಸುವುದು ಮೂವತ್ತನೆಯ ಪ್ರಕರಣದಂತೆ ಅಪರಾಧ. ಮೊದಲು ಇದಕ್ಕೆ ಸೆರೆಯ ಶಿಕ್ಷೆಯೂ ಇದ್ದಿತು. ೨೦೧೪ರ ತಿದ್ದುಪಡಿಯಲ್ಲಿ ಸೆರೆಯು ಹೋಗಿ ದಂಡವು ಮಾತ್ರ ಉಳಿಯಿತು. ಅಲ್ಲಿಗೆ ಕಾಯಿದೆಯು ಪೂರ್ವಸಾಹಸಕ್ಕೇ ಬಂದು ನಿಂತಂತಾಯಿತು.

ಅಂತೇವಾಸಿಯು ಶಿಷ್ಯನೂ ಅಲ್ಲ, ಭೃತಕನೂ ಅಲ್ಲವೆಂಬ ಹಳೆಯ ತೀರ್ಪು ಕಾಯಿದೆಯ ಹದಿನೆಂಟನೆಯ ಪ್ರಕರಣದಲ್ಲಿ ಮರಳಿ ಕೇಳಿಬರುವುದು: ಅಪ್ರೆಂಟಿಸ್ ಕಲಿಯುವವನೇ ಹೊರತು ಕೆಲಸಗಾರನಲ್ಲ, ಕಾರ್ಮಿಕರ ಕಾನೂನುಗಳು ಅವನಿಗೆ ಅನ್ವಯಿಸವು. ಆರೋಗ್ಯ, ಕೆಲಸದ ವೇಳೆ, ಅಪಘಾತದ ಪರಿಹಾರ ಇವುಗಳಿಗೆ ಮಾತ್ರ ಪ್ರತ್ಯೇಕವಾದ ವಿಧಿಗಳಿವೆ. ಇಲ್ಲಿಯೇ ಎಚ್ಚರವು ಬೇಕಾದುದು. ನಡುವೆ ನಿಂತವನಿಗೆ ಎರಡು ಕಡೆಯ ರಕ್ಷಣೆಯೂ ದೊರೆಯಬಹುದು, ಎರಡು ಕಡೆಯದೂ ತಪ್ಪಬಹುದು. ಸ್ಮೃತಿಯು ಭೃತಕನ ಹಕ್ಕನ್ನು ಅಂತೇವಾಸಿಗೆ ಕೊಡದಿದ್ದಾಗ ಅದರ ಬದಲು ಪುತ್ರನ ಸ್ಥಾನವನ್ನು ಕೊಟ್ಟಿತು. ಇಂದಿನ ಉದ್ಯಮಕ್ಕೆ ಮನೆಯಿಲ್ಲ, ಮಗನ ಮಾತೂ ಇಲ್ಲ. ಕೆಲಸಗಾರನ ಹಕ್ಕನ್ನು ತೆಗೆದ ಮೇಲೆ ಅದರ ಸ್ಥಾನದಲ್ಲಿ ಉಳಿಯತಕ್ಕದ್ದು ಕಲಿಸುವ ಕರ್ತವ್ಯವೊಂದೇ. ಅದೂ ತಪ್ಪಿದರೆ ಉಳಿಯುವುದು ಅಗ್ಗದ ಕೂಲಿ.

ಕಾಲಾಂತ್ಯದ ವಿಷಯವನ್ನೂ ನೋಡಬೇಕು. ೨೦೧೪ರ ತಿದ್ದುಪಡಿಯವರೆಗೆ ಇದ್ದ ಇಪ್ಪತ್ತೆರಡನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕಲಿತು ಮುಗಿಸಿದವನಿಗೆ ಉದ್ಯೋಗವನ್ನು ಕೊಡುವ ಹೊಣೆಯು ಉದ್ಯೋಗದಾತನಿಗಿರಲಿಲ್ಲ; ಅಲ್ಲಿಯೇ ಉಳಿಯುವ ಹೊಣೆಯು ಕಲಿತವನಿಗೂ ಇರಲಿಲ್ಲ. ೧೯೯೫ರಲ್ಲಿ ಉತ್ತರಪ್ರದೇಶದ ಸಾರಿಗೆ ನಿಗಮದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಳಿದ ವಿಷಯಗಳಲ್ಲಿ ಸಮನಾಗಿದ್ದರೆ ತರಬೇತಿ ಪಡೆದವನಿಗೆ ನೇರ ನೇಮಕದವನಿಗಿಂತ ಪ್ರಾಶಸ್ತ್ಯವು ಸಲ್ಲಬೇಕೆಂದು ಹೇಳಿತು. ನಾರದನೂ ಪ್ರದಕ್ಷಿಣೆ ಮಾಡಿ ಹಿಂದಿರುಗಬೇಕೆಂದನೇ ಹೊರತು, ಗುರುವಿನ ಬಳಿ ಉದ್ಯೋಗವನ್ನು ಕೇಳಬೇಕೆನ್ನಲಿಲ್ಲ. ಆದರೆ ನಾರದನ ಅಂತೇವಾಸಿಯು ಕಸುಬನ್ನು ಕೈಯಲ್ಲಿ ಹಿಡಿದು ಹೋಗುತ್ತಿದ್ದನು. ಅವನ ಊರಿನಲ್ಲಿ ಅವನ ಕುಲುಮೆಯು ಅವನನ್ನು ಕಾಯುತ್ತಿತ್ತು. ಇಂದು ಯಂತ್ರವು ಉದ್ಯಮದ್ದು. ಕಲಿತವನು ಹೊರಗೆ ಬಂದರೆ ಅವನ ಕೈಯಲ್ಲಿರುವುದು ಪ್ರಮಾಣಪತ್ರ. ಆದುದರಿಂದ ‘ಹೊಣೆಯಿಲ್ಲ’ ಎಂಬ ಒಂದೇ ಮಾತು ಆ ಕಾಲದಲ್ಲಿಯೂ ಈ ಕಾಲದಲ್ಲಿಯೂ ಒಂದೇ ತೂಕದ್ದಲ್ಲ.

೭

ಗುರುಗೃಹದ ಕಲ್ಪನೆಯು ಪೂರ್ತಿಯಾಗಿ ಅಳಿದಿಲ್ಲವೆಂಬುದಕ್ಕೆ ಬೆಂಗಳೂರಿನ ಹೊರವಲಯದ ಬಿಡದಿಯಲ್ಲಿ ಒಂದು ನಿದರ್ಶನವಿದೆ. ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು ೨೦೦೭ರಲ್ಲಿ ತನ್ನ ಆವರಣದಲ್ಲಿ ತಾಂತ್ರಿಕ ತರಬೇತಿ ಶಾಲೆಯನ್ನು ತೆರೆಯಿತು. ಕರ್ನಾಟಕದ ಹಳ್ಳಿಗಳ ಬಡಮನೆಗಳಿಂದ ಹತ್ತನೆಯ ತರಗತಿಯನ್ನು ಮುಗಿಸಿ ಬಂದವರಿಗೆ ಅಲ್ಲಿಯೇ ವಸತಿ, ಅಲ್ಲಿಯೇ ಊಟ, ಮೂರು ವರ್ಷದ ಶಿಕ್ಷಣ. ಮೊದಲು ಹುಡುಗರಿಗಷ್ಟೇ ಇದ್ದ ಶಾಲೆಯು ಅನಂತರ ಹುಡುಗಿಯರಿಗೂ ತೆರೆಯಿತು. ಕಲಿಸುವವನ ಮನೆಯಲ್ಲಿದ್ದು, ಅವನ ಅನ್ನವನ್ನುಂಡು, ನಿಯತವಾದ ಕಾಲ ಕಲಿಯುವ ಈ ಪದ್ಧತಿಯನ್ನು ವಿಜ್ಞಾನೇಶ್ವರನು ಕಂಡಿದ್ದರೆ ಗುರುತಿಸದೆ ಇರುತ್ತಿರಲಿಲ್ಲ. ಆದರೆ ಅವನು ಕಾಣದಿದ್ದುದೂ ಇಲ್ಲಿದೆ: ಇಲ್ಲಿಯವರು ಕಲಿಯುವುದು ಸ್ವಕುಲದ ಶಿಲ್ಪವಲ್ಲ. ಸಂಕುಚಿತವಾಗಿದ್ದ ಬಾಗಿಲು ತೆರೆದು, ಒಳಗಿನ ವಾತ್ಸಲ್ಯವು ಉಳಿಯಬಹುದೆಂಬುದಕ್ಕೆ ಇದು ಸಾಕ್ಷಿ.

ಆಡುಗೋಡಿಯ ಕಥೆಯು ಬೇರೆಯಾಗಿ ಮುಂದುವರಿಯಿತು. ಮೈಕೋ ೨೦೦೮ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆಯಿತು. ತಯಾರಿಕೆಯು ಬಿಡದಿಗೆ ಸರಿಯಿತು. ಹಳೆಯ ಆವರಣವು ೨೦೨೨ರಲ್ಲಿ ಸಂಶೋಧನೆ ಮತ್ತು ತಂತ್ರಾಂಶದ ಕಾರ್ಯಗಳಿಗಾಗಿ ಹೊಸದಾಗಿ ಉದ್ಘಾಟಿತವಾಯಿತು. ಅರವನ್ನು ಹಿಡಿದ ಕೈಗಳ ಸ್ಥಾನದಲ್ಲಿ ಗಣಕದ ಕೀಲಿಗಳನ್ನು ಒತ್ತುವ ಕೈಗಳು ಬಂದಿವೆ. ಶಿಲ್ಪವು ಬದಲಾಗಿದೆ, ಆಯುರ್ವೇದವನ್ನೂ ಶಿಲ್ಪವೆಂದ ಆಚಾರ್ಯನಿಗೆ ಇದು ಅಚ್ಚರಿಯಾಗದು. ಧರ್ಮವು ಬದಲಾಗಲು ಕಾರಣವಿಲ್ಲ. ತಂತ್ರಾಂಶದ ಸಂಸ್ಥೆಗಳಲ್ಲಿ ಹೊಸಬರಿಂದ ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲವೆಂದು ಬರೆಸಿಕೊಂಡು, ಹೋದರೆ ಇಷ್ಟು ಹಣವನ್ನು ಕಟ್ಟಬೇಕೆನ್ನುವ ರೂಢಿಯುಂಟು. ಇದಕ್ಕೆ ಯಾಜ್ಞವಲ್ಕ್ಯನ ಬೆಂಬಲವಿದೆಯೆಂದು ಯಾರಾದರೂ ವಾದಿಸಿದರೆ, ಪೂರ್ವಪಕ್ಷವು ದುರ್ಬಲವಲ್ಲವೆಂದು ಒಪ್ಪಬೇಕಾದೀತು; ಕಲಿತ ಮೇಲೂ ಒಪ್ಪಿದ ಕಾಲವನ್ನು ಪೂರೈಸಬೇಕೆಂದು ಅವನೇ ಹೇಳಿರುವನಷ್ಟೆ. ಆದರೆ ಸಿದ್ಧಾಂತವು ಬೇರೆ. ಆ ವಿಧಿಯು ಕಲಿಸಿದವನ ಋಣವನ್ನು ತೀರಿಸಲು ಹುಟ್ಟಿದುದು. ಕಲಿಸದವನಿಗೆ ಋಣವೇ ಹುಟ್ಟಲಿಲ್ಲ. ಕಾತ್ಯಾಯನನ ವಚನವನ್ನು ಬಿಟ್ಟು ಯಾಜ್ಞವಲ್ಕ್ಯನ ವಚನವನ್ನು ಮಾತ್ರ ಹಿಡಿಯುವುದು ಏಕವಾಕ್ಯತೆಗೆ ವಿರುದ್ಧ.

ನಮ್ಮ ಸರ್ಕಾರದ ಕಾಗದಗಳಲ್ಲಿ ಅಪ್ರೆಂಟಿಸ್ ಎಂಬುದಕ್ಕೆ ‘ಶಿಶಿಕ್ಷು’ ಎಂಬ ಪದವು ಬಳಕೆಯಲ್ಲಿದೆ. ಪಾಣಿನೀಯದ ದೃಷ್ಟಿಯಿಂದ ಈ ರೂಪವನ್ನು ಸಾಧಿಸುವುದು ಕಷ್ಟ; ‘ಶಿಕ್ಷು’ ಎಂಬುದು ಸಾಧುವಾದೀತು. ‘ಶಕ್’ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯವು ಸೇರಿದಾಗ ಆಗುವುದೂ ‘ಶಿಕ್ಷ್’ ಎಂಬ ರೂಪವೇ. ಶಕ್ತನಾಗಬೇಕೆಂಬ ಬಯಕೆಯೆಂದು ಅದರ ಅರ್ಥ. ಅಂಥ ಬಯಕೆಯುಳ್ಳವನೇ ‘ಶಿಕ್ಷು’. ವ್ಯಾಕರಣದ ಈ ಸಣ್ಣ ಮಾತಿನಲ್ಲಿ ವಿಷಯದ ತಿರುಳೇ ಇರುವುದು. ಅವನು ಅನ್ನಕ್ಕಾಗಿ ಮಾತ್ರ ಬಂದವನಲ್ಲ, ಕಾಗದಕ್ಕಾಗಿಯೂ ಬಂದವನಲ್ಲ, ಶಕ್ತನಾಗಲು ಬಂದವನು.

ನಮ್ಮ ನೆರೆಮನೆಯ ತರುಣನಿಗೆ ಅಂದು ಈ ವಚನಗಳನ್ನು ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ದೂರು ಕೊಡಬಹುದು. ಆದರೆ ಪ್ರಮಾಣಪತ್ರ ಕೊಡಬೇಕಾದವರೂ ಅವರೇ ಅಲ್ಲವೇ ಗುರುಗಳೇ?” ಎಂದನು. ದೂರು ಕೊಡಲಿಲ್ಲ. ಅವಧಿಯನ್ನು ಮುಗಿಸಿದನು; ಪತ್ರವನ್ನು ಪಡೆದು ಊರಿಗೆ ಹೋದನು. ಶಾಸ್ತ್ರದಲ್ಲಿಯೂ ಕಾಯಿದೆಯಲ್ಲಿಯೂ ದಂಡವನ್ನು ಹೇಳಿದೆ. ಎರಡರಲ್ಲಿಯೂ ದೂರುವ ಭಾರವು ದುರ್ಬಲನ ಮೇಲೆಯೇ ಬಿದ್ದಿದೆ. ಕಾಯಿದೆಯಂತೆ ನೇಮಕವಾದ ಸಲಹೆಗಾರರು ಕಲಿಯುವವನು ಬಾಯಿಬಿಡುವುದಕ್ಕೆ ಮೊದಲೇ ಉಗ್ರಾಣದ ಬಾಗಿಲಿಗೆ ಹೋಗಿ, ಇವನಿಗೆ ಏನನ್ನು ಕಲಿಸಿದಿರಿ ಎಂದು ಕೇಳುವಂತಾದರೆ, ಕಾತ್ಯಾಯನನು ಒಂಬೈನೂರು ವರ್ಷಗಳಿಗೂ ಹಿಂದೆಯೇ ಬಯಸಿದ್ದುದು ಈ ಪಾಳ್ಯದಲ್ಲಿ ನಡೆದಂತಾಗುವುದು. ವ್ಯವಹಾರಾಧ್ಯಾಯದ ಈ ಪ್ರಕರಣವನ್ನು ನಮ್ಮ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ದಾಯಭಾಗದಷ್ಟೇ ಆದರದಿಂದ ಪಾಠಮಾಡಬೇಕೆಂದು ವಿದ್ವಾಂಸರಲ್ಲಿ ಬಿನ್ನವಿಸಿ ಈ ಲೇಖನವನ್ನು ಮುಗಿಸುವೆವು.